ಹಾಸನದ ಹೈಸ್ಕೂಲು ಮಕ್ಕಳಿಗೆ ಎನ್‌ಸಿಸಿ ನೌಕಾ ವಿಭಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಎಂಟನೇ ತರಗತಿಯ ಪೋಷಕರಿಂದ ಈ ಪ್ರಶ್ನೆಗಳು ಬರುತ್ತವೆ. ಹಾಸನ, ಅರಕಲಗೂಡು, ಸಕಲೇಶಪುರ, ಬೇಲೂರು ಕಡೆಯವರು ಹೆಚ್ಚು. ಮೂಡಿಗೆರೆ, ಚಿಕ್ಕಮಗಳೂರಿನಿಂದ ಕೇಳುವವರೂ ಕಡಿಮೆಯಿಲ್ಲ. ಎಲ್ಲರಿಗೂ ಒಂದೇ ಉತ್ತರವನ್ನು ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ಪೋಷಕರಿಗೆ ರುಚಿಸಲಿಕ್ಕಿಲ್ಲ.

ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ನೌಕಾ ತರಬೇತಿಗೆ ಅರ್ಥವಿದೆಯೇ?

ಇದೆ. ನೌಕಾ ವಿಭಾಗದ ಪಾಠಗಳಲ್ಲಿ ಹೆಚ್ಚಿನವು ನೆಲದ ಮೇಲೆ ನಡೆಯುವಂಥವು: ಕವಾಯತು, ಹಗ್ಗದ ಗಂಟು, ಬಾವುಟದ ಸಂಕೇತ, ಹಡಗಿನ ಮಾದರಿ ತಯಾರಿಕೆ. ದೋಣಿ ನಡೆಸುವುದಕ್ಕೆ ನೀರು ಬೇಕು, ಅದು ಕೆರೆಯದ್ದಾದರೂ ಅಣೆಕಟ್ಟೆಯದ್ದಾದರೂ ಸಾಕು. ಕರಾವಳಿಯೇ ಇಲ್ಲದ ಮೈಸೂರಿನಲ್ಲಿ ನೌಕಾ ಘಟಕವೊಂದು ನಡೆಯುತ್ತಿದೆ. ಇನ್ನು ನಮ್ಮ ವಿಚಾರಕ್ಕೆ ಬಂದರೆ, ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ್ದೇವೆ. ಬೇಲೂರಿನ ಯಗಚಿ ಜಲಾಶಯದಲ್ಲಿ ಜಲಸಾಹಸ ಕ್ರೀಡೆಗಳೇ ನಡೆಯುತ್ತವೆ. ನೀರಿನ ಕೊರತೆ ನಮಗಿಲ್ಲ. ನಮ್ಮ ಸಮಸ್ಯೆ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ.

ಎನ್‌ಸಿಸಿ ನೌಕಾ ವಿಭಾಗ ಎಂದರೆ ನೌಕಾಪಡೆಯೇ?

ಅಲ್ಲ. ರಾಷ್ಟ್ರೀಯ ಕೆಡೆಟ್ ಕೋರ್ ಅಥವಾ ಎನ್‌ಸಿಸಿ, 1948ರ ಕಾಯ್ದೆಯಡಿ ಹುಟ್ಟಿದ ವಿದ್ಯಾರ್ಥಿ ಸಂಘಟನೆ. ಮೊದಲು ಭೂದಳ ವಿಭಾಗ, ಆಮೇಲೆ 1950ರಲ್ಲಿ ವಾಯುದಳ ವಿಭಾಗ, 1952ರಲ್ಲಿ ನೌಕಾ ವಿಭಾಗ ಸೇರಿಕೊಂಡವು. ನಮ್ಮ ರಾಜ್ಯದ ಘಟಕಗಳೆಲ್ಲ ಬೆಂಗಳೂರಿನಲ್ಲಿರುವ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಕೆಳಗೆ ಬರುತ್ತವೆ. ನೌಕಾಪಡೆಯ ಅಧಿಕಾರಿಗಳು ಮತ್ತು ನಾವಿಕರು ತರಬೇತಿ ನೀಡುತ್ತಾರೆ, ಶಾಲೆಯ ಮಟ್ಟದಲ್ಲಿ ಅದಕ್ಕೆಂದೇ ತರಬೇತಿ ಪಡೆದ ಶಿಕ್ಷಕರೊಬ್ಬರು ನೋಡಿಕೊಳ್ಳುತ್ತಾರೆ. ಇವರನ್ನು ಎಎನ್‌ಒ ಎನ್ನುತ್ತಾರೆ. ಮಕ್ಕಳಿಗೆ ದಿನನಿತ್ಯದ ಸಂಪರ್ಕವಿರುವುದು ಇವರೊಂದಿಗೆ.

ಸೇರಿದ ಮೇಲೆ ಕಡ್ಡಾಯವಾಗಿ ಸೇನೆಗೆ ಹೋಗಬೇಕೇ?

ಇಲ್ಲ. ಕೆಡೆಟ್‌ಗೆ ಸೈನಿಕ ಸೇವೆಯ ಯಾವ ಬಾಧ್ಯತೆಯೂ ಇಲ್ಲ. ಯುದ್ಧವಾದರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಅಜ್ಜಿಯರ ಭಯಕ್ಕೆ ಆಧಾರವಿಲ್ಲ.

ಯಾವ ತರಗತಿಯಲ್ಲಿ ಸೇರಬಹುದು?

ಹೈಸ್ಕೂಲಿನವರಿಗೆ ಇರುವುದು ಜೂನಿಯರ್ ವಿಭಾಗ. ಹುಡುಗರಿಗೆ ಜೂನಿಯರ್ ಡಿವಿಷನ್, ಹುಡುಗಿಯರಿಗೆ ಜೂನಿಯರ್ ವಿಂಗ್. ವಯಸ್ಸು 12 ದಾಟಿರಬೇಕು. ತರಬೇತಿ ಎರಡು ವರ್ಷದ್ದು. ನಮ್ಮ ಕಡೆ ಸಾಮಾನ್ಯವಾಗಿ ಎಂಟರಲ್ಲಿ ಸೇರಿಸಿಕೊಂಡು ಒಂಬತ್ತರ ಕೊನೆಗೆ ‘ಎ’ ಪ್ರಮಾಣಪತ್ರದ ಪರೀಕ್ಷೆ ಮುಗಿಸುತ್ತಾರೆ. ಹಾಗಾಗಿ ಒಂಬತ್ತನೇ ತರಗತಿಯ ನಡುವೆ ಬಂದು ಸೀಟು ಕೇಳಿದರೆ ಶಿಕ್ಷಕರು ಕೈಚೆಲ್ಲುತ್ತಾರೆ. ಎಂಟನೇ ತರಗತಿಯ ಮೊದಲ ತಿಂಗಳಲ್ಲೇ ಕೇಳಿ. ಸೀಟುಗಳಿಗೆ ಮಿತಿಯಿದೆ, ಓಟ, ಎತ್ತರ, ಆರೋಗ್ಯ, ಒಂದೆರಡು ಪ್ರಶ್ನೆ, ಇಷ್ಟರಲ್ಲಿ ಆಯ್ಕೆ ಮುಗಿಯುತ್ತದೆ.

ನಮ್ಮ ಶಾಲೆಯಲ್ಲಿ ಭೂದಳ ವಿಭಾಗ ಮಾತ್ರ ಇದೆ. ಮಗನಿಗೆ ನೌಕಾಪಡೆಯೇ ಆಗಬೇಕಂತೆ. ಮಂಗಳೂರಿನಲ್ಲಿ ಹಾಸ್ಟೆಲ್‌ಗೆ ಸೇರಿಸಿಬಿಡೋಣವೇ?

ಮೇಲೆ ಹೇಳಿದ ಸಮಸ್ಯೆ ಇದೇ. ಯಾವ ವಿಭಾಗ ಎಂಬುದನ್ನು ವಿದ್ಯಾರ್ಥಿ ಆರಿಸಿಕೊಳ್ಳುವಂತಿಲ್ಲ. ಶಾಲೆಗೆ ಯಾವ ಘಟಕ ಮಂಜೂರಾಗಿದೆಯೋ ಅದರಲ್ಲೇ ಸೇರಬೇಕು. ಹಾಸನದಲ್ಲಿ ನೆಲೆಯಿರುವುದು 15ನೇ ಕರ್ನಾಟಕ ಬೆಟಾಲಿಯನ್, ಅದು ಭೂದಳದ್ದು. ಸುತ್ತಮುತ್ತಲಿನ ಶಾಲೆಗಳಲ್ಲಿ ನೀವು ನೋಡುವ ಖಾಕಿ ಸಮವಸ್ತ್ರ ಅದರದ್ದೇ. ನೌಕಾ ಘಟಕ ಬೇಕೆಂದರೆ ಹತ್ತಿರದವು ಮೈಸೂರು ಮತ್ತು ಮಂಗಳೂರಿನವು. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ದೂರ, ಜೊತೆಗೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಮುಚ್ಚುತ್ತದೆಯೋ ಹೇಳಲಾಗದು. ಮೂಡಿಗೆರೆಯವರ ಚಾರ್ಮಾಡಿಯ ಕಥೆಯೂ ಅದೇ.

ಈಗ ನನ್ನ ಅಭಿಪ್ರಾಯ. ಹದಿಮೂರು ವರ್ಷದ ಹುಡುಗನನ್ನು ಬಿಳಿ ಸಮವಸ್ತ್ರಕ್ಕೋಸ್ಕರ ಊರು ಬಿಡಿಸಬೇಡಿ. ಬೇರೆ ಕಾರಣಕ್ಕೆ ಆ ಊರುಗಳಿಗೆ ಹೋಗುತ್ತಿದ್ದರೆ ನೌಕಾ ಘಟಕವಿರುವ ಶಾಲೆಯನ್ನು ಹುಡುಕಿ, ಬೇಡವೆನ್ನುವುದಿಲ್ಲ. ಆದರೆ ಹೈಸ್ಕೂಲಿನಲ್ಲಿ ಯಾವ ವಿಭಾಗದಲ್ಲಿದ್ದ ಎಂಬುದನ್ನು ನೋಡಿ ನೌಕಾಪಡೆ ಯಾರನ್ನೂ ಆರಿಸುವುದಿಲ್ಲ, ಬಿಡುವುದೂ ಇಲ್ಲ. ಅದು ಕೇಳುವುದು ಪಿಯುಸಿಯ ಭೌತಶಾಸ್ತ್ರ, ಗಣಿತ, ಕಣ್ಣು, ದೇಹದ ಕಸುವು. ಭೂದಳದ ಕೆಡೆಟ್ ಆಗಿ ಎರಡು ವರ್ಷ ಕವಾಯತು ಮಾಡಿದ ಹುಡುಗ ಪಿಯುಸಿಗೆ ನೌಕಾ ಘಟಕವಿರುವ ಕಾಲೇಜಿಗೆ ಸೇರಿಕೊಂಡರೆ ಅಲ್ಲಿ ಮತ್ತೆ ಆಯ್ಕೆಗೆ ನಿಲ್ಲಬಹುದು. ವಿಭಾಗದ ಬಣ್ಣಕ್ಕೆ ಬೆಲೆ ಬರುವುದು ಆ ಹಂತದಲ್ಲಿ. ಯಾಕೆಂದರೆ ಕಾಲೇಜು ಹಂತದ ಎನ್‌ಸಿಸಿಯ ಕೊನೆಗೆ ಸಿಗುವ ‘ಸಿ’ ಪ್ರಮಾಣಪತ್ರದ ಮೂಲಕ ನೌಕಾಪಡೆಗೆ ಹೋಗುವ ದಾರಿ ನೌಕಾ ವಿಭಾಗದ ‘ಸಿ’ ಇದ್ದವರಿಗೆ.

ಶಾಲೆಗೇ ನೌಕಾ ಘಟಕ ತರಿಸಲು ಆಗುವುದಿಲ್ಲವೇ?

ಮುಖ್ಯೋಪಾಧ್ಯಾಯರು ಅರ್ಜಿ ಹಾಕಬಹುದು. ಮೈದಾನ, ಸಾಮಾನು ಇಡಲು ಕೊಠಡಿ, ಎಎನ್‌ಒ ಆಗಲು ಸಿದ್ಧರಿರುವ ಶಿಕ್ಷಕರು, ಇಷ್ಟು ಇರಬೇಕು. ಆದರೆ ಮಂಜೂರಾತಿಗೆ ಸರತಿ ದೊಡ್ಡದು. ಈ ವರ್ಷ ಅರ್ಜಿ ಹಾಕಿದರೆ ಈಗ ಎಂಟರಲ್ಲಿರುವ ನಿಮ್ಮ ಮಗಳಿಗೆ ಅದರ ಲಾಭ ಸಿಗುವುದು ಅನುಮಾನ.

ನೌಕಾ ವಿಭಾಗದಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಮೊದಲು ಕವಾಯತು. ಆಜ್ಞೆಗಳು ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಕದಮ್ ತಾಲ್. ಕನ್ನಡ ಮಾಧ್ಯಮದ ಮಕ್ಕಳಿಗೆ ಹಿಂದಿ ಕಷ್ಟವಾಗುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಮೂರನೇ ವಾರಕ್ಕೆ ಕಿವಿಗೆ ಹೊಂದಿಕೊಳ್ಳುತ್ತದೆ, ಚಿಂತೆ ಬೇಡ. ಇದು ಎಲ್ಲ ವಿಭಾಗಗಳಿಗೂ ಒಂದೇ. ಪಾಯಿಂಟ್ 22 ರೈಫಲ್‌ನಲ್ಲಿ ಗುರಿ ಹೊಡೆಯುವುದು, ಪ್ರಥಮ ಚಿಕಿತ್ಸೆ, ನಾಯಕತ್ವ, ಸಮಾಜಸೇವೆ ಕೂಡ ಎಲ್ಲ ಕಡೆ ಇರುತ್ತವೆ.

ನೌಕಾ ವಿಭಾಗದ್ದೇ ಆದ ಪಾಠಗಳ ಸೊಗಸು ಬೇರೆ. ಬಾವುಟದ ಸಂಕೇತಭಾಷೆಯಾದ ಸೆಮಾಫೋರ್ ತೆಗೆದುಕೊಳ್ಳಿ. ಎರಡು ಕೈಯಲ್ಲಿ ಎರಡು ಬಾವುಟ, ಪ್ರತಿಯೊಂದೂ ಓರೆಯಾಗಿ ಸೀಳಿದ ಕೆಂಪು, ಹಳದಿ. ಬಲಗೈಯನ್ನು ಓರೆಯಾಗಿ ಕೆಳಕ್ಕೆ ಚಾಚಿದರೆ ‘ಎ’, ಭುಜದ ನೇರಕ್ಕೆ ತಂದರೆ ‘ಬಿ’, ಓರೆಯಾಗಿ ಮೇಲೆತ್ತಿದರೆ ‘ಸಿ’, ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ‘ಡಿ’. ಅಲ್ಲಿಂದ ಎಡಗೈಯ ಸರದಿ: ಓರೆಯಾಗಿ ಮೇಲೆ ‘ಇ’, ನೇರಕ್ಕೆ ‘ಎಫ್’, ಓರೆಯಾಗಿ ಕೆಳಗೆ ‘ಜಿ’. ಮುಂದಿನ ಅಕ್ಷರಗಳಿಗೆ ಎರಡೂ ಕೈ ಬೇಕು. ಆರಂಭದಲ್ಲಿ ಮಕ್ಕಳು ಎದುರಿಗೆ ನಿಂತವರನ್ನು ನೋಡಿ ಓದುವಾಗ ಎಡ ಬಲ ಅದಲುಬದಲು ಮಾಡಿ ತಪ್ಪು ಅಕ್ಷರ ಕೂಗುತ್ತಾರೆ. ಈ ಗೊಂದಲ ಬಿಟ್ಟುಹೋದ ದಿನ ಮೈದಾನದ ಎರಡು ತುದಿಯಲ್ಲಿ ನಿಂತು ಬಾಯಿ ತೆರೆಯದೆ ಮಾತನಾಡಲು ಶುರುಮಾಡುತ್ತಾರೆ. ತರಗತಿಯೊಳಗೂ ಕೈ ಆಡಿಸಿ ಮಾತನಾಡಿ ಗಣಿತದ ಮೇಷ್ಟ್ರಿಂದ ಬೈಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಇನ್ನು ಗಂಟುಗಳು. ರೀಫ್ ನಾಟ್, ಬೋಲೈನ್, ಕ್ಲೋವ್ ಹಿಚ್, ಶೀಟ್ ಬೆಂಡ್. ರೀಫ್ ನಾಟ್‌ನಲ್ಲಿ ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ ಬರಬೇಕು. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ನೋಡಲು ಗಂಟಿನಂತೆಯೇ ಕಾಣುತ್ತದೆ, ಎಳೆದಾಗ ಜಾರುತ್ತದೆ. ಬೋಲೈನ್ ಬಿಗಿದರೆ ಉಂಟಾಗುವ ಕುಣಿಕೆ ಎಷ್ಟು ಎಳೆದರೂ ಕಿರಿದಾಗುವುದಿಲ್ಲ, ಆದ್ದರಿಂದಲೇ ನೀರಿಗೆ ಬಿದ್ದವರ ಎದೆಗೆ ಸುತ್ತಿ ಮೇಲೆಳೆಯಲು ಅದನ್ನು ಬಳಸುತ್ತಾರೆ. ಕೊಟ್ಟಿಗೆಯಲ್ಲಿ ದನ ಕಟ್ಟಿ ಬೆಳೆದ ಮಕ್ಕಳು ಈ ಪಾಠದಲ್ಲಿ ಪೇಟೆಯ ಮಕ್ಕಳನ್ನು ಸಲೀಸಾಗಿ ಹಿಂದೆ ಹಾಕುತ್ತಾರೆ. ಹಗ್ಗದ ಗುಣ ಅವರ ಕೈಗೆ ಗೊತ್ತಿರುತ್ತದೆ.

ದೋಣಿ ನಡೆಸುವುದನ್ನು ಕಲಿಸಲು ವೇಲರ್ ಎಂಬ ದೋಣಿ ಇದೆ. 27 ಅಡಿ ಉದ್ದ, ಐದು ಹುಟ್ಟು, ಐವರು ಹುಟ್ಟು ಹಾಕುವವರು, ಹಿಂದೆ ಚುಕ್ಕಾಣಿ ಹಿಡಿದು ಆಜ್ಞೆ ಕೊಡುವ ಕಾಕ್ಸನ್. ‘ಗಿವ್ ವೇ ಟುಗೆದರ್’ ಎಂದ ಕೂಡಲೇ ಐದು ಹುಟ್ಟೂ ಒಟ್ಟಿಗೆ ನೀರಿಗಿಳಿಯಬೇಕು. ಒಬ್ಬ ಅರ್ಧ ಕ್ಷಣ ತಡ ಮಾಡಿದರೆ ಹಿಂದಿನವನ ಹುಟ್ಟಿಗೆ ಅವನ ಹುಟ್ಟು ಬಡಿಯುತ್ತದೆ. ತೋಳಿನ ಶಕ್ತಿಗಿಂತ ತಾಳ ಮುಖ್ಯ. ಗಾಳಿಯಲ್ಲಿ ಹಾಯಿ ಬಿಚ್ಚಿ ಸಾಗುವ ಸೇಲಿಂಗ್ ಸಾಮಾನ್ಯವಾಗಿ ಆಯ್ದ ಕೆಡೆಟ್‌ಗಳಿಗೆ ಸಿಗುತ್ತದೆ.

ಹಡಗಿನ ಮಾದರಿ ಮಾಡುವುದೂ ಪಠ್ಯದ ಭಾಗ. ಬಡಗಿ ಕೆಲಸದಲ್ಲಿ ಆಸಕ್ತಿಯಿರುವ, ಮಾತು ಕಡಿಮೆಯಿರುವ ಮಕ್ಕಳು ಇಲ್ಲಿ ಅರಳುತ್ತಾರೆ.

ಈಜು ಬರದಿದ್ದರೆ?

ಸೇರಲು ಅಡ್ಡಿಯಿಲ್ಲ. ದೋಣಿ ಹತ್ತುವಾಗ ಲೈಫ್ ಜಾಕೆಟ್ ಹಾಕಿಸುತ್ತಾರೆ. ಆದರೂ ಈಜು ಕಲಿಯಿರಿ, ತರಬೇತುದಾರರಿರುವ ಈಜುಕೊಳದಲ್ಲಿ. ‘ನೇವಿ ಪ್ರಾಕ್ಟೀಸ್’ ಎಂದು ಹೇಳಿಕೊಂಡು ಹೇಮಾವತಿ ಹಿನ್ನೀರಿಗೋ ನಾಲೆಗೋ ಇಳಿಯುವುದು ಬೇಡವೇ ಬೇಡ. ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಸುತ್ತಮುತ್ತ ನೀರು ಶಾಂತವಾಗಿ ಕಾಣುತ್ತದೆ, ಆದರೆ ತಳದ ಕೆಸರು ಮತ್ತು ಹಳೆಯ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಇದನ್ನು ಮಕ್ಕಳಿಗೆ ಕೂರಿಸಿ ಹೇಳಿ.

ಕ್ಯಾಂಪ್ ಹೇಗಿರುತ್ತದೆ? ಊಟ, ಮಲಗುವುದು?

ವಾರ್ಷಿಕ ತರಬೇತಿ ಶಿಬಿರ ಹತ್ತು ದಿನದ್ದು. ‘ಎ’ ಪರೀಕ್ಷೆಗೆ ಕೂರಲು ಶಿಬಿರವೂ ಬೇಕು, ಶೇ 75 ಹಾಜರಾತಿಯೂ ಬೇಕು. ಬೆಳಿಗ್ಗೆ ಕತ್ತಲಲ್ಲೇ ಎಬ್ಬಿಸುತ್ತಾರೆ. ವ್ಯಾಯಾಮ, ಕವಾಯತು, ಪಾಠ, ಆಟ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಸಸ್ಯಾಹಾರ ಇರುತ್ತದೆ. ಮುದ್ದೆ ಸಿಗುತ್ತದೆಂದು ಭರವಸೆ ಕೊಡಲಾರೆ. ನಮ್ಮ ಕಡೆಯ ಮಕ್ಕಳು ಎರಡು ದಿನ ಅದಕ್ಕೆ ಮುಖ ಚಿಕ್ಕದು ಮಾಡುತ್ತಾರೆ, ಆಮೇಲೆ ಹಸಿವು ಎಲ್ಲವನ್ನೂ ಸರಿಮಾಡುತ್ತದೆ.

ಪೆಟ್ಟಿಗೆ ತುಂಬುವಾಗ ಅಮ್ಮಂದಿರು ಚಕ್ಕುಲಿ, ಕೋಡುಬಳೆ ಡಬ್ಬಿಗಳಿಗೆ ಜಾಗ ಮಾಡಿ ಬೀಗ ಮರೆಯುತ್ತಾರೆ. ತಟ್ಟೆ, ಲೋಟ, ಹೊದಿಕೆ, ಸೊಳ್ಳೆಪರದೆ, ಎರಡು ಜೊತೆ ಕಾಲುಚೀಲ, ಹೆಸರು ಬರೆದ ಟವೆಲ್, ಬೀಗ ಮತ್ತು ಎರಡು ಕೀಲಿ ಮೊದಲು ಹಾಕಿ. ಬೂಟು ಹೊಸದಾಗಿದ್ದರೆ ಹೊರಡುವ ಮೊದಲೇ ಮನೆಯಲ್ಲಿ ಕೆಲವು ದಿನ ಹಾಕಿಕೊಂಡು ನಡೆಯಲಿ. ಹಿಮ್ಮಡಿಯ ಬೊಬ್ಬೆಯಿಂದ ಕುಂಟುತ್ತಾ ಹತ್ತು ದಿನ ಕಳೆದವರನ್ನು ನೋಡಿದ್ದೇನೆ. ಮೊಬೈಲ್ ಕೊಟ್ಟು ಕಳಿಸಬೇಡಿ.

ಹುಡುಗಿಯರಿಗೂ ಅವಕಾಶ ಇದೆಯೇ?

ಖಂಡಿತ. ಶಿಬಿರದಲ್ಲಿ ಪ್ರತ್ಯೇಕ ವಸತಿ, ಮಹಿಳಾ ಸಿಬ್ಬಂದಿ ಇರುತ್ತಾರೆ. ಮುಟ್ಟಿನ ದಿನಗಳ ಬಗ್ಗೆ ಸಂಕೋಚವಿಲ್ಲದೆ ಮೊದಲೇ ಮಾತನಾಡಿಕೊಂಡು ಬೇಕಾದ್ದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಡಿ.

‘ಹೆಣ್ಣು ಮಗಳಿಗೆ ಹಡಗು ಯಾಕೆ’ ಎಂದು ಕೇಳುವ ಚಿಕ್ಕಪ್ಪಂದಿರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಹೇಳಿ: 2017–18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2025ರ ಮೇನಲ್ಲಿ ಮರಳಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, 2022ರಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದೆ. ಆ ಮೊದಲ ತಂಡ 2025ರ ಮೇನಲ್ಲಿ ಅಲ್ಲಿಂದ ಹೊರಬಂದಿದೆ.

ಖರ್ಚೆಷ್ಟು?

ಸರ್ಕಾರದಿಂದ ಮಂಜೂರಾದ ಘಟಕದಲ್ಲಿ ಸಮವಸ್ತ್ರ, ಶಿಬಿರ, ತರಬೇತಿಯ ವೆಚ್ಚ ಪೋಷಕರ ಮೇಲೆ ಬೀಳುವುದಿಲ್ಲ. ಶಾಲೆಯೇ ವೆಚ್ಚ ಭರಿಸುವ ಸ್ವ-ಹಣಕಾಸು ಘಟಕಗಳಲ್ಲಿ ಶುಲ್ಕ ಇರಬಹುದು, ಕೇಳಿ ತಿಳಿಯಿರಿ. ‘ನೇವಲ್ ಕೆಡೆಟ್’ ಎಂಬ ಹೆಸರಿಟ್ಟು ಸಾವಿರಗಟ್ಟಲೆ ರೂಪಾಯಿ ಕೇಳುವ ಖಾಸಗಿ ರಜಾ ಶಿಬಿರಗಳು ಎನ್‌ಸಿಸಿ ಅಲ್ಲ. ಅವು ಕೊಡುವ ಬಣ್ಣದ ಪ್ರಮಾಣಪತ್ರಕ್ಕೆ ಭರ್ತಿಯಲ್ಲಿ ಯಾವ ಬೆಲೆಯೂ ಇಲ್ಲ.

ಓದು ಹಾಳಾಗುವುದಿಲ್ಲವೇ?

ವಾರಕ್ಕೆ ಒಂದೆರಡು ದಿನದ ಪರೇಡ್‌ನಿಂದ ಓದು ಹಾಳಾಗುವುದಾದರೆ ಅದು ಮೊದಲೇ ಹಾಳಾಗಿತ್ತು.

‘ಎ’ ಪ್ರಮಾಣಪತ್ರದಿಂದ ಏನು ಪ್ರಯೋಜನ?

ನೇರವಾಗಿ ಕೆಲಸ ಕೊಡಿಸುವುದಿಲ್ಲ. ಭೂಸೇನೆಯ ಅಗ್ನಿವೀರ್ ಭರ್ತಿಯಲ್ಲಿ ಎನ್‌ಸಿಸಿ ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಂಕಗಳಿವೆ. ‘ಎ’ಗೆ ಕಡಿಮೆ, ‘ಸಿ’ಗೆ ಹೆಚ್ಚು. ನಮ್ಮ ರಾಜ್ಯದ ಸಿಇಟಿಯಲ್ಲಿ ಎನ್‌ಸಿಸಿಗೆ ವಿಶೇಷ ವರ್ಗವೂ ಇದೆ. ಅಲ್ಲಿ ಪೈಪೋಟಿ ಜೋರು, ಮೇಲಿನ ಮಟ್ಟದ ಶಿಬಿರಗಳಲ್ಲಿ ಭಾಗವಹಿಸಿದವರಿಗೇ ಆದ್ಯತೆ. ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ.

ಮಗನಿಗೆ ಕನ್ನಡಕ ಇದೆ. ತೊಂದರೆಯಾಗುವುದೇ?

ಎನ್‌ಸಿಸಿಗೆ ಇಲ್ಲ. ಮುಂದೆ ನೌಕಾಪಡೆ ಸೇರುವ ಆಸೆಯಿದ್ದರೆ ಎಂಟನೇ ತರಗತಿಯಲ್ಲೇ ಒಂದು ಕೆಲಸ ಮಾಡಿ: ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದುವ ಪುಸ್ತಕ ಕಣ್ಣಿನ ವೈದ್ಯರ ಬಳಿ ಇರುತ್ತದೆ, ಐದು ನಿಮಿಷದ ಕೆಲಸ. ರಾತ್ರಿ ಹೊತ್ತು ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಉರಿಯುತ್ತದೆ. ಎದುರಿನ ಹಡಗು ನಮ್ಮತ್ತ ಬರುತ್ತಿದೆಯೋ ಅಡ್ಡ ಹಾಯುತ್ತಿದೆಯೋ ಎಂದು ತೀರ್ಮಾನಿಸುವುದು ಈ ಬಣ್ಣಗಳಿಂದಲೇ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರನ್ನು ಆ ಕೆಲಸಕ್ಕೆ ಬಿಡಲಾಗದು. ಹುಟ್ಟಿನಿಂದ ಬಂದ ಬಣ್ಣಗುರುಡಿಗೆ ಚಿಕಿತ್ಸೆ ಇಲ್ಲ. ಎಷ್ಟೋ ಹುಡುಗರು ವರ್ಷಗಟ್ಟಲೆ ತಯಾರಿ ನಡೆಸಿ, ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಇದನ್ನು ಮೊದಲ ಬಾರಿಗೆ ತಿಳಿದು ಮನೆಗೆ ಬರುತ್ತಾರೆ. ಆ ಸಂಕಟ ಬೇಡ.

ಹತ್ತನೇ ತರಗತಿ ಆದ ಮೇಲೆ ನೌಕಾಪಡೆಗೆ ದಾರಿಗಳು ಯಾವುವು?

ಮೊದಲಿಗೆ ಒಂದು ಮಾತು: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲಿ. ವಾಣಿಜ್ಯ ಅಥವಾ ಕಲಾ ವಿಭಾಗ ತೆಗೆದುಕೊಂಡರೂ ಎನ್‌ಡಿಎ ಮೂಲಕ ಭೂಸೇನೆಗೆ ಪ್ರಯತ್ನಿಸಬಹುದು, ನೌಕಾಪಡೆಗೆ ಆಗುವುದಿಲ್ಲ. ಇದು ಗೊತ್ತಾಗದೆ ದ್ವಿತೀಯ ಪಿಯುಸಿಯಲ್ಲಿ ಕೈಕೈ ಹಿಸುಕಿಕೊಂಡವರು ಬಹಳ.

ಅಧಿಕಾರಿಯಾಗಲು ಮೊದಲ ದಾರಿ ಎನ್‌ಡಿಎ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ: ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಪಾಸಾದವರಿಗೆ ಐದು ದಿನದ ಎಸ್‌ಎಸ್‌ಬಿ ಸಂದರ್ಶನ, ಅದಕ್ಕೆ 900. ಲಿಖಿತದಷ್ಟೇ ತೂಕ ಸಂದರ್ಶನಕ್ಕೂ ಇರುವುದರಿಂದ, ಎನ್‌ಸಿಸಿಯಲ್ಲಿ ಗುಂಪಿನ ಮುಂದೆ ನಿಂತು ಅಭ್ಯಾಸವಿರುವ ಮಕ್ಕಳಿಗೆ ಅಲ್ಲಿ ನಡುಕ ಕಡಿಮೆ. ಎರಡನೆಯದು 10+2 ಬಿ.ಟೆಕ್ ಪ್ರವೇಶ. ಜೆಇಇ ಮೇನ್ ರ‍್ಯಾಂಕ್ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಭೌತ, ರಸಾಯನ, ಗಣಿತದಲ್ಲಿ ಒಟ್ಟು ಶೇ 70 ಬೇಕು. ಆಯ್ಕೆಯಾದರೆ ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯಲ್ಲಿ ಎಂಜಿನಿಯರಿಂಗ್ ಓದು, ಖರ್ಚು ನೌಕಾಪಡೆಯದ್ದು. ಹಾಸನದವರಿಗೆ ಎನ್‌ಡಿಎ ಇರುವ ಪುಣೆಗಿಂತ ಹತ್ತಿರ. ಮೂರನೆಯದು ಪದವಿಯ ನಂತರ, ನೌಕಾ ವಿಭಾಗದ ‘ಸಿ’ ಪ್ರಮಾಣಪತ್ರದೊಂದಿಗೆ, ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವುದು.

ನಾವಿಕರಾಗಲು 2022ರಿಂದ ಅಗ್ನಿವೀರ್ ಯೋಜನೆ. ಗಣಿತ, ಭೌತಶಾಸ್ತ್ರ ಓದಿದ ಪಿಯುಸಿಯವರಿಗೆ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್), ಹತ್ತನೇ ತರಗತಿಯವರಿಗೆ ಎಂಆರ್ (ಮೆಟ್ರಿಕ್ ರಿಕ್ರೂಟ್) ಎಂಬ ಭರ್ತಿ. ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಸೇವೆ ನಾಲ್ಕು ವರ್ಷ, ಆಮೇಲೆ ಗರಿಷ್ಠ ಶೇ 25 ಮಂದಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕಾಯಂ ಕೆಲಸ ಎಂದು ತಿಳಿದು ಸಾಲ ಮಾಡಿ ಮನೆ ಕಟ್ಟಲು ಹೊರಡಬೇಡಿ.

ಸೈನಿಕ ಶಾಲೆ ಒಳ್ಳೆಯದೇ?

ಕೊಡಗಿನ ಕೂಡಿಗೆಯ ಸೈನಿಕ ಶಾಲೆ ಹಾಸನ ಜಿಲ್ಲೆಯವರಿಗೆ ಹತ್ತಿರದ್ದು. ಪ್ರವೇಶ ಆರು ಮತ್ತು ಒಂಬತ್ತನೇ ತರಗತಿಗೆ, ಅಖಿಲ ಭಾರತ ಪರೀಕ್ಷೆಯ ಮೂಲಕ. ಒಂಬತ್ತಕ್ಕೆ ಸೀಟು ಬಹಳ ಕಡಿಮೆ. ಮಗು ಐದನೇ ತರಗತಿಯಲ್ಲಿದ್ದರೆ ಈಗಲೇ ಯೋಚಿಸಿ. ಎಂಟರಲ್ಲಿದ್ದರೆ ಪರೀಕ್ಷೆ ಬರೆಯಲಿ, ಆದರೆ ಊರಿನ ಶಾಲೆಯ ಎನ್‌ಸಿಸಿ ಸೀಟನ್ನು ಕೈಬಿಡಬೇಡಿ.

ಮರ್ಚೆಂಟ್ ನೇವಿಯೂ ಇದೂ ಒಂದೇ ತಾನೇ? ಸಂಬಳ ಅಲ್ಲಿ ಹೆಚ್ಚಂತೆ.

ಒಂದೇ ಅಲ್ಲ. ನೌಕಾಪಡೆ ದೇಶದ ಸಶಸ್ತ್ರ ಪಡೆ. ಮರ್ಚೆಂಟ್ ನೇವಿ ಸರಕು ಹಡಗುಗಳ ಖಾಸಗಿ ಉದ್ಯೋಗ. ಅದಕ್ಕೆ ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಇದೆ, ತರಬೇತಿ ಕೊಡುವ ಸಂಸ್ಥೆಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಮಾನ್ಯತೆ ಇರಲೇಬೇಕು. ಸಂಬಳ ಒಳ್ಳೆಯದೇ. ಆದರೆ ಕಾಫಿ ಬೆಲೆ ಏರಿದ ವರ್ಷ ತೋಟದ ಮನೆಗಳ ಬಾಗಿಲಿಗೆ ಏಜೆಂಟರು ಬರುತ್ತಾರೆ. ‘ಆರು ತಿಂಗಳ ಕೋರ್ಸ್, ನೇರ ಹಡಗಿಗೆ’ ಎನ್ನುತ್ತಾರೆ, ಲಕ್ಷಗಟ್ಟಲೆ ಮುಂಗಡ ಕೇಳುತ್ತಾರೆ. ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಕಾಣದಿದ್ದರೆ ಕಾಫಿ ಕುಡಿಸಿ ಕಳಿಸಿ, ಚೆಕ್ ಬರೆಯಬೇಡಿ.

ಮಕ್ಕಳಿಗೆ ಒಮ್ಮೆ ನಿಜವಾದ ಯುದ್ಧಹಡಗು ತೋರಿಸಬೇಕು. ಎಲ್ಲಿಗೆ ಹೋಗುವುದು?

ಕಾರವಾರಕ್ಕೆ. ಸಮುದ್ರ ತೀರದಲ್ಲೇ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ, ಒಳಗೆ ಹೋಗಿ ನೋಡಬಹುದು. ಪಕ್ಕದಲ್ಲೇ ಟುಪೊಲೆವ್ ಕಡಲ ಕಣ್ಗಾವಲು ವಿಮಾನವೂ ಇದೆ. ಐಎನ್‌ಎಸ್ ಕದಂಬ ನೌಕಾನೆಲೆ ಅಲ್ಲೇ ಹತ್ತಿರದಲ್ಲಿದ್ದರೂ ಅದು ಪ್ರವಾಸಿ ತಾಣವಲ್ಲ. ಡಿಸೆಂಬರ್ 4ರ ನೌಕಾಪಡೆ ದಿನದ ಆಸುಪಾಸಿನಲ್ಲಿ ಶಾಲೆಗಳಿಗೆ ಹಡಗು ನೋಡುವ ಅವಕಾಶ ಕೊಡುವುದುಂಟು, ಶಾಲೆಯ ಮೂಲಕ ಮೊದಲೇ ಪತ್ರ ಬರೆದು ಕೇಳಬೇಕು. ಹಾಸನದಿಂದ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಕಾರವಾರ ತಲುಪಬಹುದು. ಚಪಲ್‌ನ ಒಳಗಿನ ಏಣಿಗಳು ಕಡಿದಾಗಿವೆ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.